ಕೆಂಪು ಕುಚ್ಚಿನ ಮೇಷ್ಟ್ರು

ಅವರು ನೆಗೆದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ನನ್ನ ಜೊತೆ ಓದಿದವರು ಯಾರೂ ನೋಡಲಿಲ್ಲ. ನೆಗೆಯುವುದಿರಲಿ, ಅವರು ನಾಲ್ಕು ಮಾರು ಓಡಿದ್ದನ್ನೂ ಕಂಡವರಿಲ್ಲ. ಕೊಳ್ಳೇಗಾಲದ ಹೈಸ್ಕೂಲಿನ ಮೈದಾನದ ಪಕ್ಕದಲ್ಲಿ ಒಂದು ಹುಣಸೆಮರವಿತ್ತು. ಅದರ ಕೆಳಗೆ ಮಡಿಸುವ ಕುರ್ಚಿ ಹಾಕಿಸಿಕೊಂಡು, ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತು ನಮಗೆ ನೆಗೆಯುವುದನ್ನು ಕಲಿಸಿದ ಡ್ರಿಲ್ ಮೇಷ್ಟ್ರು ಅವರು.

ಹೋದ ತಿಂಗಳು ತೀರಿಕೊಂಡರು. ಹೈಸ್ಕೂಲಿನಲ್ಲಿ ಸಂತಾಪಸಭೆ ಇದೆ ಎಂದು ಕಾಗದ ಬಂತು. ಹನೂರಿನಿಂದ ಮೊದಲನೇ ಬಸ್ಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಫೋಟೋಗೆ ಮಲ್ಲಿಗೆ ಹಾರ ಹಾಕಿದ್ದರು. ಒಬ್ಬರು ಎದ್ದು, ಇವರು ಶಿಸ್ತಿನ ಮೂರ್ತಿಯಾಗಿದ್ದರು ಎಂದರು. ಇನ್ನೊಬ್ಬರು ಎದ್ದು, ಮಕ್ಕಳನ್ನು ಹೆತ್ತ ತಾಯಿಯಂತೆ ಕಾಣುತ್ತಿದ್ದರು ಎಂದರು. ಮೂರನೆಯವರು ಅಜಾತಶತ್ರು ಎಂದರು. ಆಗ ನನ್ನ ಪಕ್ಕದಲ್ಲಿ ಕೂತಿದ್ದ ಹೂಗ್ಯಂನವನು, ನನ್ನ ಹಳೆಯ ಸಹಪಾಠಿ, ನನ್ನ ತೊಡೆ ಚಿವುಟಿದ.

"ಇವ್ರು ಯಾರ್ ಇಸ್ಯ ಮಾತಾಡ್ತಾವ್ರೆ ಕಣ್ಲಾ?"

"ನಂಗೂ ಗೊತ್ತಾಯ್ತಿಲ್ಲ. ಫೋಟೋ ಏನೋ ನಮ್ ಮೇಷ್ಟ್ರದೇ."

"ನನ್ನ ಕೋಳಿಕಳ್ಳ ಅಂತಿದ್ರು ಕಣ್ಲಾ ನಾಕ್ ವರ್ಸ. ಕೋಳಿ ಕದ್ದಿದ್ದು ನಮ್ಮ ಚಿಕ್ಕಪ್ಪನ ಮಗ, ನಾನಲ್ಲ."

ಕೊನೆಗೆ ಹೆಡ್‌ಮಾಸ್ಟರು ನನ್ನನ್ನೂ ನಾಲ್ಕು ಮಾತು ಆಡಲು ಕರೆದರು. ನನಗೆ ಸಭೆಯಲ್ಲಿ ಮಾತು ಬರುವುದಿಲ್ಲ ಎಂದು ಕೈಮುಗಿದೆ. ಅದು ನಿಜವೇ. ಇನ್ನೊಂದು ನಿಜವೆಂದರೆ, ಎದ್ದು ನಿಂತಿದ್ದರೆ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಒಂದು ತಿಂಗಳಿಂದ ನನಗೆ ಊಟ ಸರಿಯಾಗಿ ಸೇರುತ್ತಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಕಾಗಿಲ್ಲ; ಈ ಸಲ ಬೇಸಿಗೆಯೇ ಹಾಗಿದೆ.

ಅವರ ಹೆಸರು ಬರೆಯುವುದಿಲ್ಲ. ಅವರು ನಮ್ಮಲ್ಲಿ ಒಬ್ಬರ ಹೆಸರನ್ನೂ ಹಿಡಿದು ಕೂಗಿದವರಲ್ಲ. ಊರಿನ ಹೆಸರೇ ನಮ್ಮ ಹೆಸರು. "ಲೇ ಊಗ್ಯಂ", "ಲೇ ಗೋಪಿನಾಥಂ", "ಲೇ ಅನೂರು". ನಾನು ಹನೂರಿನಿಂದ ಓದಲು ಬಂದು ಕೊಳ್ಳೇಗಾಲದಲ್ಲಿ ಸೋದರತ್ತೆಯ ಮನೆಯಲ್ಲಿದ್ದವನು, ಆದ್ದರಿಂದ ಆರು ವರ್ಷ ಅನೂರಾಗಿದ್ದೆ. ಹನೂರಿನವರು ಇನ್ನೂ ಮೂವರಿದ್ದರು. ಅನೂರು ಅಂದರೆ ನಾಲ್ವರೂ ತಿರುಗುತ್ತಿದ್ದೆವು. ಆಗ ಅವರು, "ಉದ್ದಕ್ಕೆ ಬೆಳ್ದಿರೋ ಅನೂರು, ಬುದ್ಧಿ ಬೆಳೀದೆ ಇರೋದು" ಅನ್ನುತ್ತಿದ್ದರು. ಅದು ನಾನು.

ಗಂಜಿ ಹಾಕಿ ಒಗೆಸಿದ ಅವರ ಖಾಕಿ ಚಡ್ಡಿ ಸೊಂಟದ ಸುತ್ತ ಕೊಡೆಯ ಹಾಗೆ ಬಿಚ್ಚಿಕೊಂಡು ನಿಲ್ಲುತ್ತಿತ್ತು. ಅದರ ಕೆಳಗೆ ಎರಡು ಸಣ್ಣ ಕಾಲು. ಮೇಲೆ ಹೊಟ್ಟೆ. ಕತ್ತಿನಲ್ಲಿ ಹಿತ್ತಾಳೆ ಸೀಟಿ. ಎಲೆಅಡಿಕೆ ಅಗಿಯುವ ಬಾಯಲ್ಲೇ ಸೀಟಿ ಊದಿ ಊದಿ ಅದರ ಬಾಯೂ ಕೆಂಪಾಗಿತ್ತು. ಅದನ್ನು ಊದಿದಾಗ ಹತ್ತಿರ ನಿಂತವರ ಅಂಗಿಯ ಮೇಲೆ ಸಣ್ಣ ಸಣ್ಣ ಕೆಂಪು ಹನಿ ಬೀಳುತ್ತಿತ್ತು. ನಮ್ಮತ್ತೆ ಅದನ್ನು ಒಗೆಯುವಾಗ ಮೇಷ್ಟ್ರ ವಂಶವನ್ನೆಲ್ಲ ನೆನೆಯುತ್ತಿದ್ದಳು.

ಹುಣಸೇಹಣ್ಣು ತಿನ್ನಬಾರದು, ಮಂಡಿ ಸಡಿಲವಾಗುತ್ತದೆ ಎಂದು ನಮಗೆ ಹೇಳಿ, ಮರದಿಂದ ಉದುರಿದ ಹಣ್ಣನ್ನು ತಾವು ಜೇಬಿಗೆ ತುಂಬಿಕೊಳ್ಳುತ್ತಿದ್ದರು. ನಮ್ಮ ಹುಡುಗ ಗೆದ್ದರೆ ಫೋಟೋದಲ್ಲಿ ನಡುವೆ ಕೂತಿರುತ್ತಿದ್ದರು. ಸೋತರೆ ಅವರನ್ನು ಹುಡುಕಲು ಹೋಟೆಲಿಗೇ ಹೋಗಬೇಕಾಗಿತ್ತು.

ನೇಕಾರರ ಮಕ್ಕಳನ್ನು, ರೇಷ್ಮೆ ಸಾಕುವವರ ಮಕ್ಕಳನ್ನು ಹಂಗಿಸಲು ಬೇರೆ ಮಾತಿತ್ತು. "ಹುಳಾನಾದ್ರೂ ನಾಕು ಜ್ವರಕ್ಕೆ ಕೂತು, ನಾಕು ಸಲ ಪೊರೆ ಕಳಚಿ ಎದ್ದು ಗೂಡು ಕಟ್ತದೆ ಕಣ್ಲಾ. ನೀನು ಮೂರು ಸಲ ಕಾಲು ಊರಿ ಮರಳಿಗೆ ಬೀಳಾರೆ. ನಿನ್ನ ಸಾಕೋ ಬದಲು ನಿಮ್ಮಪ್ಪ ಇನ್ನೊಂದು ತಟ್ಟೆ ಹುಳ ಸಾಕಿದ್ರೆ ಆಗಿತ್ತು."

ಮೂರು ಸಲ ಕಾಲು ಊರುವುದು ಅಂದರೆ ಹಾಪ್, ಸ್ಟೆಪ್ ಅಂಡ್ ಜಂಪ್. ಆ ಪಂದ್ಯವನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಓಡಿ ಬಂದು, ನೆಲದಲ್ಲಿ ಹೂತ ಹಲಗೆಯನ್ನು ಒಂದು ಕಾಲಲ್ಲಿ ಮೆಟ್ಟಿ ಹಾರಬೇಕು. ಇಳಿಯುವಾಗ ಅದೇ ಕಾಲಲ್ಲಿ ಇಳಿಯಬೇಕು, ಅದು ಕುಂಟು. ಅಲ್ಲಿ ನಿಲ್ಲದೆ ಮತ್ತೆ ಹಾರಿ ಇನ್ನೊಂದು ಕಾಲಲ್ಲಿ ಇಳಿಯಬೇಕು, ಅದು ಹೆಜ್ಜೆ. ಆ ಕಾಲಿನಿಂದ ಮತ್ತೆ ಹಾರಿ ಎರಡೂ ಕಾಲು ಕೂಡಿಸಿ ಮರಳಿನ ಗುಂಡಿಗೆ ಬೀಳಬೇಕು, ಅದು ನೆಗೆತ. ನೋಡುವವರಿಗೆ ಕುಂಟು ಬಲು ಚೆಂದ. ಹುಡುಗ ಎತ್ತರಕ್ಕೆ ಏಳುತ್ತಾನೆ, ಜನ ಹೋ ಅನ್ನುತ್ತಾರೆ. ನೆಗೆತವೂ ಚೆಂದ, ಮರಳು ಹಾರುತ್ತದೆ. ನಡುವಿನ ಹೆಜ್ಜೆಯನ್ನು ಯಾರೂ ನೋಡುವುದಿಲ್ಲ. ಹುಡುಗರು ಅದನ್ನು ಬಚ್ಚಲು ದಾಟುವ ಹಾಗೆ ದಾಟಿಬಿಡುತ್ತಾರೆ.

ಇದನ್ನು ಕಲಿಸಲು ಅವರ ಹತ್ತಿರ ಪುಸ್ತಕವಿರಲಿಲ್ಲ, ಚಿತ್ರವಿರಲಿಲ್ಲ. ಒಂದು ಹುರಿ ಇತ್ತು. ನೂಲು ಬಿಚ್ಚುವಾಗ ಉಳಿದ ಒರಟು ರೇಷ್ಮೆ ಎಳೆಗಳನ್ನು ಸೇರಿಸಿ ಹೊಸೆದ, ಕಿರುಬೆರಳು ದಪ್ಪದ ಬಿಳೀ ಹುರಿ. ಅದರಲ್ಲಿ ಮೂರು ಕಡೆ ಬಣ್ಣದ ರೇಷ್ಮೆಯ ಕುಚ್ಚು ಕಟ್ಟಿದ್ದರು. ಒಂದು ತುದಿಯನ್ನು ಹಲಗೆಯ ಪಕ್ಕದ ಗೂಟಕ್ಕೆ ಬಿಗಿದು ಇನ್ನೊಂದು ತುದಿಯನ್ನು ಗುಂಡಿಯತ್ತ ಎಳೆದರೆ, ಹದಿನೇಳನೇ ಅಡಿಯಲ್ಲಿ ಕೆಂಪು ಕುಚ್ಚು, ಇಪ್ಪತ್ತಾರನೇ ಅಡಿಯಲ್ಲಿ ಹಳದಿ, ಕೊನೆಗೆ ಮೂವತ್ತೆಂಟರಲ್ಲಿ ಹಸಿರು. ಕುಂಟು ಕೆಂಪಿನ ಪಕ್ಕ ಇಳಿಯಬೇಕು. ಹೆಜ್ಜೆ ಹಳದಿಯ ಪಕ್ಕ. ನೆಗೆತ ಹಸಿರಿಗೆ. ಇಷ್ಟೇ ಅವರ ಶಾಸ್ತ್ರ. ಉದ್ದ ಕಾಲಿನವನಿಗೂ ಅದೇ ಹುರಿ, ಗಿಡ್ಡನಿಗೂ ಅದೇ ಹುರಿ. ಹುರಿಯನ್ನು ಯಾರೂ ತುಳಿಯಬಾರದು, ದಾಟಬಾರದು. ಆಟ ಮುಗಿದ ಮೇಲೆ ಅವರೇ ಎದ್ದು ಬಂದು, ಉಸ್ಸೆಂದು ಬಗ್ಗಿ, ಮೊಳಕೈಗೆ ಸುತ್ತಿ, ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದರು. ಅವರು ಬಗ್ಗುತ್ತಿದ್ದದ್ದು ದಿನಕ್ಕೆ ಅದೊಂದೇ ಸಲ.

ಅವರು ಹೇಳಿದ್ದೆಲ್ಲ ತಪ್ಪು ಎಂದು ಬರೆದರೆ ನಾನೂ ಸಭೆಯಲ್ಲಿ ಮಾತಾಡಿದವರಂತೆ ಆಗುತ್ತೇನೆ. ಕೆಲವು ಸರಿ ಇತ್ತು. ಅಂಗಾಲು ಪೂರ್ತಿ ಊರಬೇಕು ಎನ್ನುತ್ತಿದ್ದರು. ಬೆರಳಲ್ಲಿ ಇಳಿದರೆ ಕಣಕಾಲು ಮುರಿಯುತ್ತೆ, ಹಿಮ್ಮಡಿಯಲ್ಲಿ ಇಳಿದರೆ ಹಿಮ್ಮಡಿ ಒಡೆಯುತ್ತೆ. ಗುಂಡಿಯನ್ನು ನೋಡಬೇಡ, ಗುಂಡಿಯಾಚೆಯ ಗೋಡೆಯನ್ನು ನೋಡು. ಹೆಜ್ಜೆ ಹಾರುವಾಗ ಮುಂದಿನ ತೊಡೆ ನೆಲಕ್ಕೆ ಸಮವಾಗಿ ನಿಲ್ಲಬೇಕು. ಅದನ್ನು ಅವರು ಹೇಳುತ್ತಿದ್ದ ರೀತಿ ಹೀಗೆ: "ತೊಡೆ ಮೇಲೆ ಊಟದೆಲೆ ಇಟ್ಟಂಗಿರ್ಬೇಕು. ಅನ್ನ ಬಡ್ಸೀವ್ನಿ, ಸಾರು ಬಡ್ಸೀವ್ನಿ. ಇಳಿಯೋಗಂಟ ಚೆಲ್ಬಾರ್ದು. ನೀನೇನ್ಲಾ, ಎಲೆ ಮಡಿಚಿ ಎದ್ದೇ ಬುಟ್ಟೆ!"

ನಾವು ನಗುತ್ತಿದ್ದೆವು. ನಕ್ಕವನಿಗೆ ಮೈದಾನ ನಾಲ್ಕು ಸುತ್ತು.

ಹದಿನೇಳು ಅಡಿಯ ಕುಂಟು ಎಲ್ಲಿಂದ ಬಂತು ಎಂದು ನಾವು ಯಾರೂ ಕೇಳಲಿಲ್ಲ. ಮದರಾಸಿಗೆ ಸೇರಿದ ಕೋಯಮತ್ತೂರು ಜಿಲ್ಲೆ ನಮ್ಮದು; ಕೋಯಮತ್ತೂರಿನ ದೊಡ್ಡ ಸ್ಕೂಲುಗಳಲ್ಲಿ ಹಾಗೇ ಇರಬೇಕು, ಮದರಾಸಿನಿಂದ ಬಂದ ಲೆಕ್ಕವಿರಬೇಕು ಅಂದುಕೊಂಡಿದ್ದೆವು. ಒಂದು ದಿನ ಹಾಜರಿ ಪುಸ್ತಕ ಕೊಡಲು ಅವರ ಮನೆಗೆ ಹೋಗಿದ್ದೆ. ಅವರು ಜಗಲಿಯ ಮೇಲೆ ಕೂತು, ತಾವು ಹರೆಯದಲ್ಲಿ ಮದರಾಸಿನ ಮೈದಾನದಲ್ಲಿ ನೆಗೆದದ್ದನ್ನೂ, ಬಿಳೀ ದೊರೆಯೊಬ್ಬ ಓಡಿ ಬಂದು ಕೈಕುಲುಕಿ ತನ್ನ ಕೈಗಡಿಯಾರ ಬಿಚ್ಚಿ ಕೊಟ್ಟದ್ದನ್ನೂ ಹೇಳಿದರು. ಹಿಂದಿನ ವರ್ಷ ಹೇಳಿದಾಗ ದೊರೆ ಕೈಕುಲುಕಿದ್ದ ಅಷ್ಟೇ, ಗಡಿಯಾರ ಕೊಟ್ಟಿರಲಿಲ್ಲ.

ಒಳಗಿನಿಂದ ಅವರ ಹೆಂಡತಿ, ನಾವೆಲ್ಲ ಅಮ್ಮಾವ್ರು ಅನ್ನುತ್ತಿದ್ದವರು, ಮಜ್ಜಿಗೆ ತಂದು ಕೊಟ್ಟು ಹೇಳಿದರು: "ಆ ಗಡಿಯಾರ ಮದುವೇಲಿ ನಮ್ಮಪ್ಪ ಕೊಟ್ಟಿದ್ದು ಕಣಪ್ಪ. ನೆಗೆದಿದ್ದು ಮಾತ್ರ ಸುಳ್ಳಲ್ಲ. ಆ ದಾರ ಅದೆಯಲ್ಲ, ಅದು ಇವ್ರು ನೆಗೆದ ಉದ್ದವೇ. ಅವತ್ತು ಎಲ್ಲೆಲ್ಲಿ ಕಾಲು ಬಿತ್ತೋ ಅಲ್ಲಲ್ಲೇ ಕುಚ್ಚು ಕಟ್ಕಂಡು ಬಂದವ್ರೆ."

"ನೀನು ಒಳಕ್ಕೆ ಓಗೆ," ಎಂದರು ಮೇಷ್ಟ್ರು. ಗಡಿಯಾರದ ವಿಷಯ ಅಲ್ಲಿಗೇ ನಿಂತಿತು.

ಆವತ್ತು ನನಗೆ ಅದು ತಮಾಷೆಯಾಗಿ ಕಂಡಿತ್ತು. ಆಮೇಲೆ ತಮಾಷೆಯಾಗಿ ಕಾಣಲಿಲ್ಲ. ಕೊಳ್ಳೇಗಾಲ, ಹನೂರು, ಪಾಲಾರ್ ಕಡೆಯ ಎಷ್ಟೋ ಹುಡುಗರು ವರ್ಷಗಟ್ಟಲೆ ತಮ್ಮ ಕಾಲಿನಿಂದ ನೆಗೆಯಲೇ ಇಲ್ಲ. ಒಬ್ಬ ಹೊಟ್ಟೆ ಬಂದ ಮನುಷ್ಯ ಹರೆಯದಲ್ಲಿ ಒಮ್ಮೆ ನೆಗೆದ ನೆಗೆತವನ್ನು, ಅದರ ಓರೆಕೋರೆಗಳ ಸಮೇತ, ಮತ್ತೆ ಮತ್ತೆ ನೆಗೆಯುತ್ತಿದ್ದರು. ಮೇಷ್ಟ್ರ ಕುಂಟು ಅತಿಯಾಗಿತ್ತು. ಅಷ್ಟು ಹಾರಿದ ಮೇಲೆ ಕಾಲಲ್ಲಿ ಏನೂ ಉಳಿಯದೆ ಹೆಜ್ಜೆ ಒಂಬತ್ತು ಅಡಿಗೆ ಬಿದ್ದುಹೋಗಿತ್ತು. ಅದು ಅವರ ತಪ್ಪು. ಆ ತಪ್ಪಿಗೆ ಅವರು ಬಣ್ಣದ ಕುಚ್ಚು ಕಟ್ಟಿ ನಮಗೆ ಪಾಠ ಮಾಡಿದರು.

ನನ್ನ ಮಾತಿಗೆ ಬರುತ್ತೇನೆ. ಜಿಲ್ಲಾ ಪಂದ್ಯಕ್ಕೆ ಕೋಯಮತ್ತೂರಿಗೆ ಕಳಿಸುವವರನ್ನು ಆರಿಸುವ ದಿನ. ನಾನು ಆಗ ಹದಿನೈದೂವರೆ, ಹದಿನಾರು ಅಡಿಯ ಹತ್ತಿರ ಕುಂಟು ಹಾರಿ, ಆರಾಮವಾಗಿ ಹೆಜ್ಜೆ ಹಾಕಿ, ಹಸಿರು ಕುಚ್ಚಿಗೆ ಒಂದು ಅಡಿ ಕಡಿಮೆ ಬೀಳುತ್ತಿದ್ದೆ. ಅಷ್ಟಾದರೂ ಸಾಕಾಗಿತ್ತು, ನನಗಿಂತ ದೂರ ಬೀಳುವವನು ತಾಲ್ಲೂಕಿನಲ್ಲಿ ಇರಲಿಲ್ಲ. ಎರಡು ಸಲ ನೆಗೆದಾಗಿತ್ತು. ಮೂರನೆಯದಕ್ಕೆ ಓಡಲು ಶುರುಮಾಡಿದಾಗ ಅವರು ಕುರ್ಚಿಯಿಂದ ಎದ್ದು ನಿಂತು ಕೂಗಿದರು. ಅವರು ಎದ್ದು ನಿಂತದ್ದೇ ನನಗೆ ಗಾಬರಿ.

"ಕೆಂಪು ಮುಟ್ಟೋ ಅನೂರು! ಕೆಂಪು! ಕೆಂಪು ಮುಟ್ದೆ ಇದ್ರೆ ಕೋಯಮತ್ತೂರ್ನಲ್ಲಿ ನನ್ನ ಹೆಸರು ಏಳ್ಬೇಡ!"

ನಾನು ಹಲಗೆಯನ್ನು ಮೆಟ್ಟಿ ಇದ್ದ ಶಕ್ತಿಯನ್ನೆಲ್ಲ ಮೇಲಕ್ಕೆ ಹಾಕಿದೆ. ಕೆಂಪನ್ನು ಮುಟ್ಟಲು ಎಡಗಾಲನ್ನು ಮುಂದಕ್ಕೆ ಚಾಚಿದೆ. ಚಾಚಿದ ಕಾಲು ಅಂಗಾಲಿನಲ್ಲಿ ಇಳಿಯುವುದಿಲ್ಲ, ಹಿಮ್ಮಡಿಯಲ್ಲೇ ಇಳಿಯುತ್ತದೆ. ಬಿದಿರು ಸೀಳಿದ ಹಾಗೆ ಸದ್ದಾಯಿತು. ಬಿದ್ದಲ್ಲಿಂದ ನೋಡಿದರೆ ಕೆಂಪು ಕುಚ್ಚು ನನ್ನ ಕಾಲಿನ ಪಕ್ಕದಲ್ಲೇ ಇತ್ತು. ಮುಟ್ಟಿದ್ದೆ.

ಅವರು ನಿಂತಲ್ಲಿಂದಲೇ ಹೇಳಿದರು: "ಏಳ್ಲಾ ಮ್ಯಾಕೆ. ಅಳದಿ ಇನ್ನೂ ಅಲ್ಲೇ ಅದೆ."

ಮೂಳೆ ಕಟ್ಟುವವರು ಮೊಟ್ಟೆಯ ಬಿಳಿ ಹಚ್ಚಿ, ಬಿದಿರು ದಬ್ಬೆ ಇಟ್ಟು ಕಟ್ಟಿದರು. ಹನೂರಿನ ನಮ್ಮ ಮನೆಯಲ್ಲಿ ಮೂರು ತಿಂಗಳು ಮಲಗಿದ್ದೆ. ನಡುವೆ ಒಂದು ದಿನ ಅವರು ಬಂದರು. ಕೊಳ್ಳೇಗಾಲದಿಂದ ಹನೂರಿಗೆ ಆಗ ದಿನಕ್ಕೆ ಎರಡೋ ಮೂರೋ ಬಸ್ಸು. ಅವರಿಗೆ ಯಾವುದೋ ಸಿಕ್ಕಿರಬೇಕು. ಒಂದು ಬಾಳೆಹಣ್ಣನ್ನೂ ತರಲಿಲ್ಲ. ಬಾಗಿಲಲ್ಲಿ ನಿಂತು ನನ್ನ ಕಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಹುರಿ ತಪ್ಪಲ್ಲ ಕಣೋ. ನಿನ್ನ ಕಾಲು ತಪ್ಪು. ಅಂಗಾಲು ಊರು ಅಂದಿದ್ದೆ ನಾನು."

ನಮ್ಮವ್ವ ಮರ್ಯಾದೆಗೆ ಊಟಕ್ಕೆ ಏಳಿ ಎಂದಳು. ಎದ್ದರು. ಮುದ್ದೆ, ಅವರೆಕಾಳು ಸಾರು, ಮೇಲೆ ಮಜ್ಜಿಗೆ, ಎಲ್ಲ ಊಟ ಮಾಡಿ ಸಂಜೆ ಬಸ್ಸಿಗೆ ಹೊರಟುಹೋದರು.

"ನಿಮ್ ಮೇಷ್ಟ್ರು ಉಂಡ್ಕಂಡು ಓಗಕ್ಕೆ ಬಂದಿದ್ರೇನ್ಲಾ ಮಗ?" ಎಂದಳು ಅವ್ವ ತಟ್ಟೆ ಎತ್ತುತ್ತ. "ಕಾಲು ಒಡ್ಕಂಡು ಮನ್ಗಿರೋ ಉಡ್ಗನ್ನ ಬೈದು ಓದ್ರಲ್ಲ!"

ಹಿಮ್ಮಡಿ ಕೂಡಿತು, ಆದರೆ ಸರಿಯಾಗಿ ಕೂಡಲಿಲ್ಲ. ಇವತ್ತಿಗೂ ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತೇನೆ. ಅದಕ್ಕೆ ನನಗೆ ಅಷ್ಟು ದುಃಖವಿಲ್ಲ. ಕುಂಟಿದರೂ ಮೇಷ್ಟ್ರ ಕೆಲಸ ನಡೆಯುತ್ತದೆ. ಹನೂರಿನ ಎಲಿಮೆಂಟರಿ ಸ್ಕೂಲಿನಲ್ಲಿ ನಡೆಸುತ್ತಿದ್ದೇನೆ. ನನ್ನನ್ನು ಕೊರೆದದ್ದು ಆ ಒಂದು ಮಾತು. ನಿನ್ನ ಕಾಲು ತಪ್ಪು. ತಪ್ಪು ಕುಚ್ಚಿನದು ಎಂದು ಅವರ ಬಾಯಿಂದ ಒಂದು ಸಲ ಬರಬೇಕಾಗಿತ್ತು. ಸಭೆಯಲ್ಲಿ ಬೇಡ, ನಾಲ್ಕು ಜನರ ಎದುರಿಗೆ ಬೇಡ. ನನ್ನ ಒಬ್ಬನ ಹತ್ತಿರ, ಮೆಲ್ಲಗೆ. ಅಷ್ಟಕ್ಕಾಗಿ ಎಷ್ಟು ವರ್ಷ ಕಾದೆ ಎಂದು ಹೇಳಲು ನಾಚಿಕೆಯಾಗುತ್ತದೆ.

ಮಾರನೇ ವರ್ಷ ಯಳಂದೂರಿನ ಹುಡುಗರಿಗೂ ನಮಗೂ ಪಂದ್ಯವಿತ್ತು. ಯಳಂದೂರು ಮೈಸೂರು ಸೀಮೆ, ನಾವು ಕೋಯಮತ್ತೂರು ಜಿಲ್ಲೆಯವರು. ಎರಡು ಊರಿಗೂ ಅರ್ಧ ದಿನದ ಗಾಡಿ ದಾರಿಯೂ ಇಲ್ಲ, ಹೆಣ್ಣು ಕೊಟ್ಟು ತಂದ ಊರುಗಳು. ಆದರೆ ಪಂದ್ಯ ಅಂದರೆ ಪರದೇಶದವರ ಮೇಲೆ ಯುದ್ಧಕ್ಕೆ ಹೋದ ಹಾಗೆ. ನಾನು ನೆಗೆಯುವ ಹಾಗಿರಲಿಲ್ಲ. ಬಟ್ಟೆ ಕಾಯಲು ಹೋಗಿದ್ದೆ.

ಅಲ್ಲಿ ಯಳಂದೂರಿನ ಒಬ್ಬ ಸಣಕಲು ಹುಡುಗ ನೆಗೆದ. ಅವನ ಕುಂಟು ಮೇಲಕ್ಕೆ ಏಳಲೇ ಇಲ್ಲ. ಕೆರೆಯ ನೀರಿನ ಮೇಲೆ ಹೆಂಚಿನ ಚೂರನ್ನು ಅಡ್ಡಕ್ಕೆ ಬೀಸಿ ಎಸೆದರೆ ಹೇಗೆ ಹೋಗುತ್ತದೋ ಹಾಗೆ ಹೋದ. ಚೂರನ್ನು ಮೇಲಕ್ಕೆ ಎಸೆದರೆ ಗುಳುಂ ಎಂದು ಮುಳುಗುತ್ತದೆ, ಅಡ್ಡಕ್ಕೆ ಎಸೆದರೆ ಮೂರು ಸಲ ನೀರು ಮುಟ್ಟಿ ಏಳುತ್ತದೆ. ಅವನ ಮೂರು ಸದ್ದೂ ಒಂದೇ ಸಮ ಕೇಳಿದವು. ಹೆಜ್ಜೆಯಲ್ಲಿ ಅವನ ತೊಡೆಯ ಮೇಲೆ ನಿಜವಾಗಿಯೂ ಊಟದೆಲೆ ಇಡಬಹುದಾಗಿತ್ತು. ಜನ ಹೋ ಅನ್ನಲಿಲ್ಲ, ಯಾಕೆಂದರೆ ನೋಡಲು ಏನೂ ಆಗಲಿಲ್ಲ. ಆದರೆ ಅವನು ನಮ್ಮ ಹಸಿರು ಕುಚ್ಚಿಗಿಂತ ಒಂದು ಅಡಿ ಆಚೆ ಬಿದ್ದಿದ್ದ.

ಎಲ್ಲರೂ ಊಟಕ್ಕೆ ಹೋದಾಗ ನಾನು ಯಳಂದೂರಿನವರ ಟೇಪು ಕೇಳಿ ತೆಗೆದುಕೊಂಡು, ಮಣ್ಣಿನಲ್ಲಿ ಮೂಡಿದ್ದ ಅವನ ಹೆಜ್ಜೆಗಳನ್ನು ಅಳೆದೆ. ಹದಿನಾಲ್ಕು, ಹನ್ನೆರಡು, ಹದಿಮೂರು.

ಸಂಜೆ ವಾಪಸು ಬರುವಾಗ ಗಾಡಿಯಲ್ಲಿ ಮೇಷ್ಟ್ರು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: "ಕಪ್ಪೆ ಕುಪ್ಪಳಿಸ್ದಂಗೆ ಕುಪ್ಪಳಿಸ್ದ. ಗೆದ್ದವ್ನೆ, ಇಲ್ಲ ಅನ್ನಲ್ಲ. ಆದ್ರೆ ನೆಗೀಲಿಲ್ಲ."

ನಾನು ಬಾಯಿ ಬಿಟ್ಟೆ. ಅದಕ್ಕೆ ಮೊದಲು ಅವರ ಎದುರು ನಾನು ನಾಲ್ಕು ಮಾತು ಕೂಡಿಸಿ ಆಡಿದವನಲ್ಲ.

"ಸಾ, ಅವ್ನ ಕುಂಟು ಹದಿನಾಲ್ಕೇ ಅಡಿ. ನಾನು ಅಳತೆ ಮಾಡಿದೆ. ಹೆಜ್ಜೆ ಹನ್ನೆರಡು. ನಮ್ಮ ಕೆಂಪು ಕುಚ್ಚು ಮೂರು ಅಡಿ ಹಿಂದಕ್ಕೆ ಬರ್ಬೇಕು ಸಾ."

ಅವರು ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡರು.

"ಗಾಡಿ ನಿಲ್ಸಪ್ಪಾ," ಎಂದರು ಗಾಡಿ ಹೊಡೆಯುವವನಿಗೆ. "ಪಂಡಿತ್ರು ಇಳೀತಾರಂತೆ. ಕಾಲು ಮುರ್ಕಂಡ್ ಮ್ಯಾಲೆ ಜ್ಞಾನ ಬಂದದೆ. ನಡ್ಕಂಡು ಬರ್ಲಿ, ಇನ್ನೂ ಬರ್ತದೆ."

ಇಳಿದೆ. ಕುಂಟುವ ಹುಡುಗನನ್ನು ದಾರಿಯಲ್ಲಿ ಇಳಿಸಿದ ಮನುಷ್ಯನಿಗೆ ಮೊನ್ನೆ ಹೆತ್ತ ತಾಯಿ ಎಂದು ಬಿರುದು ಕೊಟ್ಟರು. ಅರ್ಧ ಮೈಲಿ ನಡೆದೆ. ಗಾಡಿ ನನ್ನ ಮುಂದೆ ಹತ್ತು ಮಾರು ದೂರದಲ್ಲೇ ಹೋಗುತ್ತಿತ್ತು, ಎತ್ತುಗಳು ಬಡಕಲು. ಆಮೇಲೆ ಹೂಗ್ಯಂನವನು ಇಳಿದು ಬಂದು, "ಅತ್ಕೊ ಅಂದವ್ರೆ ಕಣ್ಲಾ, ಮಾತಾಡ್ದೆ ಬಂದು ಅತ್ಕೊ" ಎಂದು ಕೈಹಿಡಿದು ಹತ್ತಿಸಿದ. ಊರು ಬರುವವರೆಗೆ ಮೇಷ್ಟ್ರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು. ಹುರಿ ಅದರಲ್ಲಿತ್ತು.

ಆ ವರ್ಷ ನಾನು ಸ್ಕೂಲು ಮುಗಿಸಿದೆ. ಮತ್ತೆ ಆ ಮೈದಾನಕ್ಕೆ ಕಾಲಿಡಲಿಲ್ಲ. ಎರಡು ವರ್ಷದ ಹಿಂದೆ ಕೋಯಮತ್ತೂರಿನಿಂದ ನಮ್ಮ ಹೈಸ್ಕೂಲಿಗೆ ಹಾಪ್ ಸ್ಟೆಪ್ ಜಂಪಿನಲ್ಲಿ ಬಹುಮಾನದ ಕಪ್ಪು ಬಂತು ಎಂದು ಸುದ್ದಿ ಕೇಳಿದೆ. ಗೆದ್ದವನು ಪಾಲಾರ್ ಕಡೆಯವನಂತೆ. ಕಾಡಿನಲ್ಲಿ ಬೆಳೆದ ಕಾಲು, ಹುರಿ ಇಲ್ಲದಿದ್ದರೂ ಗೆಲ್ಲುತ್ತಿತ್ತು ಎಂದು ಹೂಗ್ಯಂನವನಿಗೆ ಹೇಳಿದೆ. ಫೋಟೋದಲ್ಲಿ ನಡುವೆ ಯಾರು ಕೂತಿದ್ದರು ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಕಳೆದ ವರ್ಷ ಅವರ ಮೈಯಲ್ಲಿ ನೀರು ತುಂಬಿಕೊಂಡಿದೆ, ಹಾಸಿಗೆ ಹಿಡಿದಿದ್ದಾರೆ ಎಂದು ತಿಳಿದು ನೋಡಲು ಹೋದೆ. ಕನಿಕರದಿಂದ ಹೋದೆ ಎಂದು ಸುಳ್ಳು ಬರೆಯುವುದಿಲ್ಲ. ಮಲಗಿರುವ ಮನುಷ್ಯ ಒಂದು ಮಾತು ಒಪ್ಪಿಯಾನು ಎಂದು ಹೋದೆ.

ಮಂಚದ ಮೇಲೆ ಕೂತಿದ್ದರು. ಆ ಸಣ್ಣ ಕಾಲುಗಳು ಬಾಳೆದಿಂಡಿನ ಹಾಗೆ ಊದಿದ್ದವು. "ಯಾರು?" ಎಂದರು.

"ನಾನು ಸಾ. ಅನೂರು." ನನ್ನ ಬಾಯಲ್ಲೂ ಹಾಗೇ ಬಂತು.

"ಬಾಗ್ಲಿಂದ ಇಲ್ಲಿಗಂಟ ನಡಿ, ನೋಡಾನ."

ಕೆಲಸದಲ್ಲಿರುವ, ಮದುವೆಯಾದ ಗಂಡಸು ನಾನು. ನಡೆದೆ.

"ಇನ್ನೂ ಇಮ್ಮಡಿ ಎತ್ತೇ ನಡೀತೀಯ. ಅಂಗಾಲು ಪೂರ್ತಿ ಊರು ಅಂತ ಎಷ್ಟು ಬಡ್ಕಂಡೆ. ಕೇಳ್ದೇನ್ಲಾ ನೀನು?"

"ಊರಿದ್ರೆ ನೋಯ್ತದೆ ಸಾ."

"ನೋಯ್ತದೆ. ನೋಯ್ದೆ ಏನಾದದು?"

ಆಮೇಲೆ ಕೇಳಿಯೇಬಿಟ್ಟೆ. "ಸಾ, ಆ ಕೆಂಪು ಕುಚ್ಚು ಅತಿಯಾಗಿತ್ತು ಅಲ್ವಾ ಸಾ? ಅಷ್ಟು ಹೇಳಿ ಸಾಕು."

ಅವರು ನನ್ನ ಮುಖ ನೋಡಿದರು. ಆಮೇಲೆ ಕಷ್ಟಪಟ್ಟು ಗೋಡೆಯ ಕಡೆ ತಿರುಗಿ ಮಲಗಿದರು. "ಕಾಫಿ ಕುಡ್ದು ಓಗು," ಎಂದರು ಗೋಡೆಗೆ.

ಕುಡಿಯದೆ ಬಂದೆ. ಅದೇ ಕೊನೆ. ಇಷ್ಟು ಅಹಂಕಾರದ, ಇಷ್ಟು ಸಣ್ಣ ಮನಸ್ಸಿನ ಮನುಷ್ಯನನ್ನು ಇನ್ನು ನೋಡುವುದಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದೆ. ನೋಡಲೂ ಇಲ್ಲ.

ಮೊನ್ನೆ ಸಂತಾಪಸಭೆ ಮುಗಿದ ಮೇಲೆ ಹೂಗ್ಯಂನವನ ಒತ್ತಾಯಕ್ಕೆ ಅವರ ಮನೆಗೆ ಹೋದೆವು. ಅಮ್ಮಾವ್ರು ನನ್ನನ್ನು ಕಂಡು ಒಳಗೆ ಹೋಗಿ, ಹಳೆಯ ಚೀಲವನ್ನು ತಂದು ನನ್ನ ಕೈಯಲ್ಲಿಟ್ಟರು.

"ಇದನ್ನ ಅನೂರಿನೋನಿಗೆ ಕೊಟ್ಬುಡು ಅಂದಿದ್ರು ಕಣಪ್ಪ."

"ಇನ್ನೇನಾದ್ರೂ ಹೇಳಿದ್ರಾ ಅಮ್ಮ?"

"ಅಳತೆ ಮಾಡ್ಕಳ್ಳಿ ಅಂದ್ರು. ಅಷ್ಟೇಯ."

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನನಗೆ ಮೈಯೆಲ್ಲ ಉರಿಯಿತು. ಸತ್ತ ಮೇಲೂ ಹಂಗಿಸುವುದನ್ನು ಬಿಡಲಿಲ್ಲವಲ್ಲ ಈ ಮನುಷ್ಯ! ತನ್ನ ಹದಿನೇಳು ಅಡಿಯನ್ನು ಕೂತು ಅಳೆದುಕೊ ಎಂದು ಹೇಳಿ ಹೋಗಿದ್ದಾನೆ. ನಾನು ಅವರನ್ನು ಮನಸ್ಸಿನಲ್ಲಿ ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ನಮ್ಮ ಸ್ಕೂಲಿನ ಅಂಗಳದಲ್ಲಿ ಯಾರೂ ಇರಲಿಲ್ಲ. ಹುರಿಯ ತುದಿಯನ್ನು ಬಾವುಟದ ಕಂಬಕ್ಕೆ ಕಟ್ಟಿ ಎಳೆದೆ. ಸ್ಕೂಲಿನ ಟೇಪನ್ನು ಪಕ್ಕದಲ್ಲಿ ಹಾಸಿದೆ. ಕೆಂಪು ಕುಚ್ಚು ಹದಿನಾಲ್ಕರಲ್ಲಿತ್ತು.

ಹುರಿ ಹಳೆಯದಾಗಿ ಕುಗ್ಗಿರಬೇಕು ಅಂದುಕೊಂಡೆ. ಹಳದಿಯನ್ನು ನೋಡಿದೆ. ಇಪ್ಪತ್ತಾರು. ಹಸಿರನ್ನು ನೋಡಿದೆ. ಮೂವತ್ತೆಂಟು. ಎರಡೂ ಇದ್ದಲ್ಲೇ ಇದ್ದವು. ಮತ್ತೆ ಬಗ್ಗಿ ಕೆಂಪಿನ ಹತ್ತಿರ ಬಂದೆ.

ಆಗ ಹುರಿಯ ಮೇಲೆ ಕಲೆಗಳು ಕಂಡವು. ಮಳೆಗಾಲದಲ್ಲಿ ಕೆಂಪು ಕುಚ್ಚು ನೆನೆದರೆ ಬಣ್ಣ ಬಿಡುತ್ತಿತ್ತು. ನಮ್ಮ ಕಾಲದಲ್ಲೇ ಬಿಡುತ್ತಿತ್ತು. ಹದಿನೇಳನೇ ಅಡಿಯಲ್ಲಿ ಒಂದು ಕಲೆ, ಕಡುಗೆಂಪು, ಎಷ್ಟೋ ಮಳೆಗಾಲ ಒಂದೇ ಕಡೆ ಕೂತದ್ದು. ಅದರಿಂದ ಒಂದು ಗೇಣು ಹಲಗೆಯ ಕಡೆಗೆ ಇನ್ನೊಂದು, ತಿಳಿಯಾದದ್ದು. ಅಲ್ಲಿಂದ ಒಂದು ಗೇಣಿಗೆ ಮತ್ತೊಂದು. ಅಲ್ಲಿಂದ ಒಂದು ಗೇಣಿಗೆ ಮತ್ತೂ ಒಂದು. ಅದರಾಚೆ ಒಂದು ಗೇಣಿಗೆ ಈಗಿನ ಕುಚ್ಚು. ನನ್ನ ಕೈಯನ್ನೇ ಇಟ್ಟು ಅಳೆದೆ. ನಾಲ್ಕು ಗೇಣು, ಮೂರು ಅಡಿ. ಗಾಡಿಯಲ್ಲಿ ನಾನು ಕೇಳಿದಷ್ಟೇ.

ವರ್ಷಕ್ಕೆ ಒಂದು ಗೇಣು ಸರಿಸಿದ್ದರು. ಒಂದೇ ಸಲ ಸರಿಸಿದ್ದರೆ ಹುಡುಗರಿಗೆ ಗೊತ್ತಾಗುತ್ತಿತ್ತು, ಯಾಕೆ ಸಾ ಎಂದು ಕೇಳುತ್ತಿದ್ದರು. ಮನೆಯಲ್ಲಿ ಬಾಗಿಲು ಹಾಕಿಕೊಂಡು, ಹರೆಯದಲ್ಲಿ ತಾವೇ ಕಟ್ಟಿದ ಗಂಟನ್ನು ಬಿಚ್ಚಿ, ಒಂದು ಗೇಣು ಹಿಂದಕ್ಕೆ ಕಟ್ಟಿ, ಮಾರನೇ ದಿನ ಮೈದಾನಕ್ಕೆ ಬಂದು ಏನೂ ಆಗದವರಂತೆ ಬೈದಿರಬೇಕು. ಹೇಡಿ. ಬಾಯಿ ಬಿಟ್ಟು ಒಂದು ಮಾತು ಹೇಳಲಾರದ ಹೇಡಿ. ಅಂಗಳದಲ್ಲಿ ಒಬ್ಬನೇ ನಿಂತು ಅದನ್ನು ಗಟ್ಟಿಯಾಗಿಯೇ ಹೇಳಿದೆ. ಇಷ್ಟು ನಿಧಾನವಾಗಿ ತಪ್ಪೊಪ್ಪಿಕೊಂಡ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಟೇಪು ಸುತ್ತಿಟ್ಟೆ. ಬಾವುಟದ ಕಂಬದ ಬುಡದಿಂದ ಹುರಿಯ ಪಕ್ಕದಲ್ಲೇ ನಡೆದು ಕೆಂಪು ಕುಚ್ಚಿನ ಹತ್ತಿರ ಬಂದೆ. ಅಲ್ಲಿ ನಿಂತು ಎಡಗಾಲಿನ ಅಂಗಾಲನ್ನು ಪೂರ್ತಿ ಊರಿದೆ, ಹಿಮ್ಮಡಿಯ ಸಮೇತ. ನೋಯಿತು. ಬೈಯುವವರು ಯಾರೂ ಇರಲಿಲ್ಲ.